ಬಾಲ್ಕನಿಯಲ್ಲೊಂದು ಹುಂಜ

ಗುಬ್ಬಚ್ಚಿ ಮೂರು ಮೊಟ್ಟೆ ಇಟ್ಟಿತು, ಚೌಡಯ್ಯನ ನಿದ್ದೆ ಹೋಯಿತು. ಇದರಲ್ಲಿ ಗುಬ್ಬಚ್ಚಿಯ ತಪ್ಪೇನೂ ಇರಲಿಲ್ಲ. ಇಡೀ ಕೊಪ್ಪದಲ್ಲಿ ಗೂಡು ಕಟ್ಟಲು ಅದಕ್ಕೆ ಒಪ್ಪಿಗೆಯಾದ ಜಾಗ ಚೌಡಯ್ಯನ ಪಡಸಾಲೆಯ ಫ್ಯಾನು, ಅಷ್ಟೆ. ಫ್ಯಾನಿನ ಕಂಬಿ ತೊಲೆಯನ್ನು ಸೇರುವ ಕಡೆ ಒಂದು ಬಟ್ಟಲು ಇರುತ್ತದಲ್ಲ, ಅದರೊಳಗೆ ಹುಲ್ಲು, ದಾರ, ಚೌಡಯ್ಯನ ಹಳೇ ಬನಿಯನ್ನಿನ ಎಳೆ ಎಲ್ಲವನ್ನೂ ತುಂಬಿ ಸಂಸಾರ ಹೂಡಿತ್ತು. ಶಿವರಾತ್ರಿ ಕಳೆದ ವಾರದಲ್ಲಿ ಅವನ ಹೆಂಡತಿ ದೇವಿರಮ್ಮ ಅದನ್ನು ಕಂಡಳು. ಕಂಡವಳೇ ಫ್ಯಾನಿನ ಸ್ವಿಚ್ಚಿನ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರು ಅಂಟಿಸಿ, ಮರಿ ಹಾರುವ ತನಕ ಈ ಮನೆಯಲ್ಲಿ ಫ್ಯಾನಿಲ್ಲ ಎಂದು ತೀರ್ಪು ಕೊಟ್ಟು ಅಡುಗೆಮನೆಗೆ ಹೋದಳು.

ಅಂದಿನಿಂದ ಇಪ್ಪತ್ತೈದು ದಿನ. ಬಿಸಿಲು ಒಂದೊಂದು ದಿನವೂ ಏರುತ್ತಲೇ ಹೋಯಿತು. ಹೆಂಚಿನ ಮನೆ ರಾತ್ರಿ ಹತ್ತಾದರೂ ಆರುತ್ತಿರಲಿಲ್ಲ. ಜಗಲಿಯ ಮೇಲೆ ಮಲಗೋಣವೆಂದರೆ ನಾಲೆ ಕಡೆಯ ಸೊಳ್ಳೆಗಳೆಲ್ಲ ನೆಂಟರ ಹಾಗೆ ಬಂದು ಸೇರುತ್ತಿದ್ದವು. ಬೆನ್ನ ತುಂಬ ಬೆವರುಸಾಲೆ. ಇದ್ದೊಂದು ಟೇಬಲ್ ಫ್ಯಾನು ವೋಲ್ಟೇಜು ತಾಳದೆ ಸುಟ್ಟು ಮದ್ದೂರಿನ ರಿಪೇರಿ ಅಂಗಡಿ ಸೇರಿತ್ತು. ರಿಪೇರಿಯವನು ಪ್ರತಿ ಸಲವೂ ನಾಳೆ ಬನ್ನಿ ಎನ್ನುತ್ತಿದ್ದ.

ಒಂದು ದಿನ ದೇವಿರಮ್ಮ ನೀರಿಗೆ ಹೋದಾಗ ಚೌಡಯ್ಯ ಪ್ಲಾಸ್ಟರಿನ ತುದಿಗೆ ಉಗುರು ಹಾಕಿದ್ದೂ ಉಂಟು. ಅಷ್ಟರಲ್ಲಿ ಮೇಲಿನ ಬಟ್ಟಲಿನಿಂದ ಮೂರು ಪುಟ್ಟ ಬಾಯಿಗಳು ತೆರೆದುಕೊಂಡು ಚೀಂವ್‌ಗುಟ್ಟಿದವು. ಚೌಡಯ್ಯ ಪ್ಲಾಸ್ಟರನ್ನು ಮತ್ತೆ ನೀಟಾಗಿ ಒತ್ತಿ, ಹೆಂಡತಿ ಹಕ್ಕಿಗಳಿಗೆಂದು ಕಿಟಕಿಯಲ್ಲಿಟ್ಟಿದ್ದ ಚಿಪ್ಪಿಗೆ ಇನ್ನೊಂದಿಷ್ಟು ನೀರು ಹೊಯ್ದು ಆಚೆ ಬಂದ. ಅವನ ಕಷ್ಟಗಳಿಗೆಲ್ಲ ಕಾರಣ ಈ ಗುಣವೇ.

ಅವನು ಊರಿನ ಹಾಲಿನ ಡೇರಿಯಲ್ಲಿ ಟೆಸ್ಟರು. ಬೆಳಗಿನ ಜಾವಕ್ಕೇ ಏಳಬೇಕು, ಸಂಜೆ ಮತ್ತೆ ಕೂರಬೇಕು. ಒಂದು ಬೆಳಿಗ್ಗೆ ಸಾಲಿನಲ್ಲಿ ಜನ ನಿಂತಿರುವಾಗಲೇ ಹಾಲಿನ ಕ್ಯಾನಿಗೆ ಹಣೆ ಕೊಟ್ಟು ಗೊರಕೆ ಹೊಡೆದುಬಿಟ್ಟ. ಕಾರ್ಯದರ್ಶಿ ಪ್ರಸನ್ನ ಅವನನ್ನು ಮೆಲ್ಲಗೆ ಎಬ್ಬಿಸಿ ಪಕ್ಕಕ್ಕೆ ಕರೆದ. ಹೋದ ವಾರ ಮಂಡ್ಯದ ಎಸಿ ಥಿಯೇಟರಿಗೆ ಹೋಗಿದ್ದೆ, ಸಿನಿಮಾ ಕತೆ ಕೇಳಬೇಡ, ಆದರೆ ಒಳಗಿನ ಚಳಿಗೆ ಶಾಲು ಹೊದೆಯಬೇಕಾಯಿತು ಎಂದು ಹೇಳಿದ. ಅಷ್ಟು ಕೇಳಿದ್ದೇ ಸಾಕು, ಚೌಡಯ್ಯನ ಮನಸ್ಸಿನಲ್ಲಿ ಒಂದೇ ಆಸೆ ಬೇರು ಬಿಟ್ಟಿತು. ಬೆಳಗಿನ ಹಾಲು ಮುಗಿಸಿ, ಸಂಜೆಯ ಹಾಲಿನ ಹೊತ್ತಿಗೆ ಬಂದುಬಿಡುವ ಹಾಗೆ, ಆ ತಣ್ಣನೆ ಕತ್ತಲಲ್ಲಿ ಮೂರು ಗಂಟೆ ನಿದ್ದೆ ಮಾಡಬೇಕು. ಪರದೆಯ ಮೇಲೆ ಏನಾದರೂ ಆಗಲಿ.

ಹೆಂಡತಿಗೆ ಮಾತ್ರ ನಿಜ ಹೇಳಲು ಬಾಯಿ ಬರಲಿಲ್ಲ. ಅವಳೂ ಅದೇ ಮನೆಯಲ್ಲಿ ಬೇಯುತ್ತಿದ್ದಳು. ನಾನೊಬ್ಬನೇ ತಣ್ಣಗೆ ಮಲಗಿ ಬರುತ್ತೇನೆಂದು ಹೇಗೆ ಹೇಳುವುದು? ಮಂಡ್ಯದಲ್ಲಿ ಮೀಟಿಂಗ್ ಇದೆ ಎಂದುಬಿಟ್ಟ. ಮೀಟಿಂಗಿಗೆ ಒಗೆದ ಅಂಗಿಯೇ ಇರಲಿ ಎಂದು ಅವಳು ಇಸ್ತ್ರಿ ಮಾಡಿದ ಅಂಗಿ ತೆಗೆದುಕೊಟ್ಟಾಗ ಅವನಿಗೆ ಒಳಗೊಳಗೇ ಚುರುಕ್ಕೆಂದಿತು.

ಕೊಪ್ಪದಲ್ಲಿ ಮಂಡ್ಯಕ್ಕೆ ಹೊರಟವನು ಬರಿಗೈಲಿ ಹೋಗುವುದು ಆಗದ ಮಾತು. ಒಬ್ಬರಿಗೆ ಮಾತ್ರೆ ಬೇಕು, ಇನ್ನೊಬ್ಬರಿಗೆ ಮಿಕ್ಸಿಯ ರಬ್ಬರು ಬೇಕು. ಚೌಡಯ್ಯ ಎಲ್ಲರ ಕಣ್ಣು ತಪ್ಪಿಸಿ ಹಿತ್ತಿಲ ದಾರಿ ಹಿಡಿದ. ಹಿತ್ತಿಲ ದಾರಿಯಲ್ಲಿ ಪಕ್ಕದ ಮನೆಯ ಪಟ್ಟಲಮ್ಮ ಅವನಿಗೇ ಕಾದು ನಿಂತಿದ್ದಳು. ಅವಳ ಕೈಯಲ್ಲೊಂದು ವೈರ್ ಬುಟ್ಟಿ, ಬುಟ್ಟಿಯಿಂದ ತಲೆ ಹೊರಗೆ ಹಾಕಿದ ಒಂದು ಕೆಂಪು ನಾಟಿ ಹುಂಜ.

ಯುಗಾದಿಗೆ ಮೂರು ದಿನ ಉಳಿದಿತ್ತು. ಯುಗಾದಿಗೆ ಒಬ್ಬಟ್ಟು, ಮಾರನೇ ದಿನ ಹೊಸತೊಡಕಿಗೆ ಬಾಡಿನ ಸಾರು. ಈ ಸೀಮೆಯಲ್ಲಿ ಒಬ್ಬಟ್ಟು ತಪ್ಪಿದರೂ ಹೊಸತೊಡಕು ತಪ್ಪಬಾರದು. ಪಟ್ಟಲಮ್ಮನ ಮಗಳು ರೂಪ ಮಂಡ್ಯದಲ್ಲಿದ್ದಳು.

"ತೌರುಮನೆ ಕೋಳಿ ಇಲ್ದೆ ಅದೇನ್ ಹೊಸತೊಡಕು ಮಗಾ?" ಎಂದಳು ಪಟ್ಟಲಮ್ಮ. "ರೂಪನ ಮನೆ ನಿಂಗೆ ಗೊತ್ತಲ್ಲ. ಕೊಟ್ಬುಟ್ಟು ನಿನ್ ಪಾಡ್ಗೆ ನೀನು ಮೀಟಿಂಗ್‌ಗೆ ಓಗು."

"ಆಯ್ತು ಕೊಡು ದೊಡ್ಡವ್ವ," ಎಂದ ಚೌಡಯ್ಯ. ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಇನ್ನು ಯಾರೂ ಹೀಗೆ ಹಿಡಿಯಬಾರದೆಂದು ಬಸ್ಸು ಹತ್ತಿದ ತಕ್ಷಣ ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿದ.

ಬಸ್ಸಿನ ತುಂಬ ಪುಕ್ಕಟೆ ಟಿಕೆಟಿನ ಹೆಂಗಸರು. ಕಂಡಕ್ಟರು ಬಂದು ಚೌಡಯ್ಯನಿಗೆ ಒಂದು ಟಿಕೆಟು ಹರಿದ, ಬುಟ್ಟಿಯನ್ನು ನೋಡಿ ಇನ್ನೊಂದು ಹರಿದ. ಮಡಿಲಲ್ಲಿ ಕೂತಿರುವ ಕೋಳಿಗೂ ಟಿಕೆಟೇ ಎಂದು ಚೌಡಯ್ಯ ಕೇಳಿದ.

"ಹ್ಯಾಟೆ ಆಗಿದ್ರೆ ಫ್ರೀ ಬುಡ್ತಿದ್ದೆ," ಎಂದ ಕಂಡಕ್ಟರು. "ಇದು ಹುಂಜ ಅಲ್ವಾ."

ಹೆಂಗಸರೆಲ್ಲ ಮದ್ದೂರು ಬರುವ ತನಕ ನಕ್ಕರು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಚೌಡಯ್ಯ ದೇವಿರಮ್ಮನಿಗೆಂದು ಎರಡು ವಡೆ ಕಟ್ಟಿಸಿಕೊಂಡ. ಸುಳ್ಳು ಹೇಳಿ ಬಂದವನಿಗೆ ಮನೆಗೆ ಏನಾದರೂ ಒಯ್ಯದಿದ್ದರೆ ಸಮಾಧಾನವಿಲ್ಲ.

ಮಂಡ್ಯದಲ್ಲಿ ರೂಪನ ಮನೆಗೆ ಬೀಗ. ಪಕ್ಕದ ಮನೆಯವರನ್ನು ಕೇಳಿದರೆ, ಬೆಳಗಾಗುವ ಮುಂಚೆಯೇ ಗಂಡ ಹೆಂಡತಿ ಆಟೋ ಮಾಡಿಕೊಂಡು ಹೋದರು, ಎಲ್ಲಿಗೆಂದು ಗೊತ್ತಿಲ್ಲ ಎಂದರು. ಕೋಳಿಯನ್ನು ಇಟ್ಟುಕೊಳ್ಳುವಿರಾ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವರ ನಾಯಿ ಎದ್ದು ಬಂದು ಬುಟ್ಟಿಯನ್ನು ಬಹಳ ಪ್ರೀತಿಯಿಂದ ನೋಡಿತು. ಆಟಕ್ಕೆ ಅರ್ಧ ಗಂಟೆ ಉಳಿದಿತ್ತು. ಚೌಡಯ್ಯ ಹುಂಜದ ಸಮೇತ ಥಿಯೇಟರಿನ ದಾರಿ ಹಿಡಿದ.

ಅಲ್ಲಿ ಎರಡು ಸಿನಿಮಾ ಓಡುತ್ತಿದ್ದವು. ಟಿಕೆಟು ಕೊಡುವ ಹುಡುಗಿ ಯಾವುದಕ್ಕೆ ಎಂದು ಕೇಳಿದಳು.

"ಯಾವ್ದು ಉದ್ದ ಅದೆ ಅದ್ಕೆ ಕೊಡವ್ವ," ಎಂದ ಚೌಡಯ್ಯ. "ಒಡದಾಟ ಕಮ್ಮಿ ಇರ್ಬೇಕು."

ಹುಡುಗಿ ಅವನನ್ನೊಮ್ಮೆ ನೋಡಿ, ಎರಡು ಗಂಟೆ ಐವತ್ತು ನಿಮಿಷದ ತಾಯಿ ಸೆಂಟಿಮೆಂಟಿನ ಚಿತ್ರಕ್ಕೆ ಬಾಲ್ಕನಿ ಟಿಕೆಟು ಕೊಟ್ಟಳು. ಚೌಡಯ್ಯ ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ. ಬೆಳಕವಾಡಿ ಕಡೆಯವನು, ಸಮವಸ್ತ್ರ ಒಂದು ಸೈಜು ದೊಡ್ಡದು. ಬುಟ್ಟಿಗೆ ಕೈ ಹಾಕಿ ಮೊದಲು ವಡೆಯ ಪೊಟ್ಟಣ ತೆಗೆದು ಪಕ್ಕಕ್ಕಿಟ್ಟ. ಹೊರಗಿನ ತಿಂಡಿ ತರುವಂತಿಲ್ಲ ಎಂಬ ಬೋರ್ಡು ತೋರಿಸಿದ. ಆಮೇಲೆ ಹುಂಜವನ್ನು ನೋಡಿದ. ಬೋರ್ಡನ್ನು ಇನ್ನೊಂದು ಸಲ ಓದಿದ. ಅದರಲ್ಲಿ ಕೋಳಿಯ ವಿಷಯ ಏನೂ ಇರಲಿಲ್ಲ.

"ಇದು ತಿಂಡಿ ಲೆಕ್ಕನೋ ಅಲ್ವೋ?" ಎಂದು ತನ್ನಷ್ಟಕ್ಕೇ ಕೇಳಿಕೊಂಡ.

"ಅಬ್ಬ ಆದ್ಮೇಲೆ ತಿಂಡಿ ಕಣಣ್ಣ," ಎಂದ ಚೌಡಯ್ಯ. "ಇವತ್ತು ಬರೀ ಕೋಳಿ."

ಸೆಕ್ಯೂರಿಟಿಯವನಿಗೆ ಅದು ನ್ಯಾಯವೆನ್ನಿಸಿತು, ಆದರೆ ಧೈರ್ಯ ಬರಲಿಲ್ಲ. ಸ್ಕೂಟರ್ ಸ್ಟ್ಯಾಂಡಿನಲ್ಲಿ ಬಿಟ್ಟು ಬನ್ನಿ ಎಂದ. ಸ್ಟ್ಯಾಂಡಿನವನು ಒಂದು ಹಳೇ ಮೊಪೆಡ್ಡಿನ ಹ್ಯಾಂಡಲ್ಲಿಗೆ ಬುಟ್ಟಿ ನೇತುಹಾಕಿ ಟೋಕನ್ನನ್ನೂ ಕೊಟ್ಟ. ನೆರಳಿಲ್ಲದ ಜಾಗ. ನೆಲದ ಸಿಮೆಂಟು ಕಾದ ಹೆಂಚಿನಂತಿತ್ತು. ಚೌಡಯ್ಯ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದ. ಹುಂಜ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಇಪ್ಪತ್ತೈದು ದಿನದಿಂದ ತಾನೂ ಹಾಗೇ ಬಾಯಿ ಬಿಟ್ಟುಕೊಂಡು ಮಲಗಿದ್ದವನಿಗೆ ಅದನ್ನು ನೋಡಿ ಮುಂದೆ ಹೋಗಲಾಗಲಿಲ್ಲ.

"ಯೋಚ್ನೆ ಮಾಡ್ಬೇಡಿ, ಇನ್ನು ನಾಕ್ ದಿನಕ್ಕೆ ಎಂಗಿದ್ರೂ ಕುಯ್ಯಾದು ತಾನೆ," ಎಂದ ಸ್ಟ್ಯಾಂಡಿನವನು.

"ನಾಕ್ ದಿನುದ್ದು ನಾಕ್ ದಿನಕ್ಕೆ. ಇವತ್ತು ಇದುಕ್ಕೂ ಸೆಕೆ ಆಯ್ತದಲ್ಲ," ಎಂದ ಚೌಡಯ್ಯ.

ನೀರಿನ ಬಾಟಲಿ ಕೊಂಡು ಬಂದು, ಮುಚ್ಚಳಕ್ಕೆ ನೀರು ಹಾಕಿ, ಕುಕ್ಕರುಗಾಲಿನಲ್ಲಿ ಕೂತು ಕುಡಿಸಿದ. ಹೆಗಲ ಟವೆಲ್ಲು ತೆಗೆದು ಬುಟ್ಟಿಗೆ ನೆರಳು ಹಿಡಿದ. ಒಳಗೆ ಬೆಲ್ಲು ಬಾರಿಸಿತು. ಅವನ ಮೂರು ಗಂಟೆಯಲ್ಲಿ ನಿಮಿಷಗಳು ಕರಗುತ್ತಿದ್ದವು. ಆದರೂ ಎದ್ದು ಹೋಗಲು ಕಾಲು ಬರಲಿಲ್ಲ. ಇದನ್ನೆಲ್ಲ ಬಾಗಿಲಿನಿಂದ ನೋಡುತ್ತಿದ್ದ ಸೆಕ್ಯೂರಿಟಿಯವನು ಕೊನೆಗೆ ತಾನೇ ಬಂದ. ಅವನ ಅವ್ವನೂ ಬೆಳಕವಾಡಿಯಲ್ಲಿ ಕೋಳಿ ಸಾಕಿದ್ದಳಂತೆ.

"ಬನ್ನಿ ಒಳಿಕ್ಕೆ," ಎಂದ. "ಅದೇನಾದ್ರೂ ಕೂಗುದ್ರೆ ಮಾತ್ರ ನಾನು ನಿಮ್ಮನ್ನ ನೋಡೇ ಇಲ್ಲ."

ಕೈ ಮುಗಿದರೆ ಬುಟ್ಟಿ ಬೀಳುತ್ತದೆಂದು ಚೌಡಯ್ಯ ತಲೆಯನ್ನೇ ಬಾಗಿಸಿ ವಂದಿಸಿದ. ಒಳಗಿನ ತಂಪು ಮುಖಕ್ಕೆ ತಾಗಿದಾಗ ಅವನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಂಗಿ ಬೆನ್ನಿಗೆ ಅಂಟುವುದನ್ನು ಬಿಟ್ಟಿತು. ಬೆವರುಸಾಲೆ ಒಂದೊಂದೇ ಆರಿದ ಹಾಗೆ. ಎಸಿ ಕಂಡುಹಿಡಿದ ಮಹಾನುಭಾವ ಯಾರೋ, ಅವನ ಮನೆ ತಣ್ಣಗಿರಲಿ ಎಂದುಕೊಂಡ. ಬಾಗಿಲಿನವನಿಗೂ, ಅವನ ಅವ್ವನಿಗೂ, ಇದರ ಸುದ್ದಿ ಹೇಳಿದ ಪ್ರಸನ್ನನಿಗೂ ಒಳ್ಳೆಯದಾಗಲಿ ಎಂದುಕೊಂಡ. ದೀಪ ಆರಿತು. ಕತ್ತಲಾದ ಕೂಡಲೇ ಹುಂಜ ಕತ್ತು ಒಳಗೆ ಎಳೆದುಕೊಂಡು ಕಣ್ಣು ಮುಚ್ಚಿತು. ಚೌಡಯ್ಯನೂ ಮುಚ್ಚಿದ.

ಅವನು ಹಾಗೆ ಕಣ್ಣು ಮುಚ್ಚಿದ್ದು ಹೆಚ್ಚೆಂದರೆ ಐದು ನಿಮಿಷ. ಚಿತ್ರದ ನಾಯಕ ಹಳ್ಳಿಯವನು. ಹಳ್ಳಿಯೆಂದ ಮೇಲೆ ಸೂರ್ಯೋದಯ ತೋರಿಸಲೇಬೇಕಲ್ಲ. ಪರದೆ ತುಂಬ ಹೊಂಬಣ್ಣದ ಬೆಳಕು ಹರಡಿತು. ಚೌಡಯ್ಯನ ಮಡಿಲಲ್ಲಿದ್ದ ಹುಂಜ ಕತ್ತೆತ್ತಿ ನೋಡಿತು. ಬೆಳಗಾಗಿದೆ, ಎಲ್ಲರೂ ಸುಮ್ಮನೆ ಕೂತಿದ್ದಾರೆ. ತನ್ನ ಕೆಲಸ ತಾನು ಮಾಡಬೇಕೆಂದು ರೆಕ್ಕೆ ಕೊಡವಿ, ಎದೆ ಉಬ್ಬಿಸಿ, ಊರಿಗೆಲ್ಲ ಕೇಳುವಂತೆ ಕೂಗಿತು.

ಜನ ಮೊದಲು ಚಪ್ಪಾಳೆ ತಟ್ಟಿದರು. ಸೌಂಡು ಏನು ಸೊಗಸಾಗಿದೆ, ಪಕ್ಕದಲ್ಲೇ ಕೂಗಿದ ಹಾಗಿದೆ ಎಂದು ಮುಂದಿನ ಸಾಲಿನವನು ಹೆಂಡತಿಗೆ ಹೇಳಿದ. ಚೌಡಯ್ಯ ಹುಂಜದ ಮೇಲೆ ಟವೆಲ್ಲು ಹೊದಿಸಿದ. ಕತ್ತಲ ದೃಶ್ಯ ಬಂತು, ಅದು ಮಲಗಿತು. ಅವನಿಗೂ ಜೋಂಪು ಹತ್ತಿತು. ಅಷ್ಟರಲ್ಲಿ ನಾಯಕನ ತಾಯಿಗೆ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಿದರು. ಬೆಳ್ಳನೆ ಗೋಡೆ, ಬೆಳ್ಳನೆ ಹಾಸಿಗೆ. ತಾಯಿ ಮಗನ ಕೈ ಹಿಡಿದು, ಕಂದಾ, ನನ್ನದೊಂದು ಕೊನೆಯ ಆಸೆ ಎಂದಳು. ಟವೆಲ್ಲಿನೊಳಗಿಂದ ಹುಂಜ ಕೂಗಿತು.

ಅಳಲು ಸಿದ್ಧವಾಗಿದ್ದ ಬಾಲ್ಕನಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಪರದೆ ಬೆಳ್ಳಗಾದಾಗಲೆಲ್ಲ ಅದೇ ಕತೆ. ಯಾರೋ ಹುಡುಕಲು ಮೊಬೈಲಿನ ಟಾರ್ಚು ಹಾಕಿದರು. ಟಾರ್ಚು ಕಂಡು ಹುಂಜ ಇನ್ನೂ ಜೋರಾಗಿ ಕೂಗಿತು. ಅದನ್ನು ಕೇಳಿ ಇನ್ನಷ್ಟು ಟಾರ್ಚು ಹತ್ತಿದವು. ನಡುವೆ ಚೌಡಯ್ಯ, ಮಡಿಲಲ್ಲಿ ಟವೆಲ್ಲು ಹೊದ್ದ ಹುಂಜವನ್ನು ಕೂಸಿನಂತೆ ತಟ್ಟುತ್ತ, ಸುಮ್ಕಿರಪ್ಪ ನಿಂಗೆ ಕೈ ಮುಗೀತೀನಿ ಎನ್ನುತ್ತಿದ್ದ. ಸೆಕ್ಯೂರಿಟಿಯವನು ಬಂದಾಗ ಅವನ ಮೀಸೆಯ ಮೇಲೆ ವಡೆಯ ಚೂರು ಇನ್ನೂ ಇತ್ತು. ಅವನು ಬೈಯಲಿಲ್ಲ, ಬಾಗಿಲು ತೋರಿಸಿದ. ಹುಂಜ ತಂಪಿನಲ್ಲಿ ಒಳ್ಳೆ ನಿದ್ದೆ ಮಾಡಿ ಗೆಲುವಾಗಿತ್ತು.

ಚೌಡಯ್ಯ ಸುಡುವ ಬಿಸಿಲಲ್ಲಿ ಮತ್ತೆ ರೂಪನ ಮನೆಗೆ ನಡೆದ. ಬೀಗ ಹಾಗೇ ಇತ್ತು. ಹೊಂಗೆ ಮರದ ಕೆಳಗೆ ಕೂತು ಫೋನ್ ಆನ್ ಮಾಡಿದ. ಮಾಡಿದ್ದೇ ತಡ ಅದು ನಡುಗತೊಡಗಿತು. ಬಂದ ಕರೆಗಳ ಸಾಲು ಮುಗಿಯುವ ಮುಂಚೆಯೇ ಪಟ್ಟಲಮ್ಮನ ಫೋನು. ರೂಪನ ಗಂಡನ ದೊಡ್ಡಪ್ಪ, ತೊಂಬತ್ತನಾಲ್ಕು ವರ್ಷದ ಹಿರಿಯರು, ನೆನ್ನೆ ರಾತ್ರಿ ಮಳವಳ್ಳಿಯಲ್ಲಿ ತೀರಿಕೊಂಡಿದ್ದರು. ಗಂಡ ಹೆಂಡತಿ ಅಲ್ಲಿಗೆ ಹೋಗಿದ್ದರು. ಸೂತಕದ ಮನೆಗೆ ಈ ಸಲ ಹಬ್ಬವೂ ಇಲ್ಲ, ಹೊಸತೊಡಕೂ ಇಲ್ಲ.

"ನೀನ್ ಬಸ್ ಅತ್ತಿದ್ ಗಳಿಗೆಯಿಂದ ಪೋನ್ ಮಾಡ್ತಾ ಇವ್ನಿ," ಎಂದಳು ಪಟ್ಟಲಮ್ಮ. "ಮೀಟಿಂಗ್ನಲ್ಲಿ ಪೋನ್ ಆಪ್ ಮಾಡುಸ್ತಾರೇನೋ ಪಾಪ."

ಹಾಗೆ ಹುಂಜ ಮತ್ತೆರಡು ಟಿಕೆಟು ತೆಗೆಸಿ ಕೊಪ್ಪಕ್ಕೆ ಮರಳಿತು. ಚೌಡಯ್ಯ ನೇರ ಡೇರಿಯ ಬಳಿ ಇಳಿದು, ಬುಟ್ಟಿಯನ್ನು ಮೇಜಿನ ಕೆಳಗೆ ಇಟ್ಟು ಸಂಜೆಯ ಹಾಲು ನೋಡತೊಡಗಿದ. ಹಾಲು ಹಾಕುವವರೆಲ್ಲ ಯಾಕೋ ಅವನ ಮುಖ ನೋಡಿ ಬಾಯಿಗೆ ಸೆರಗು, ಟವೆಲ್ಲು ಮುಚ್ಚಿಕೊಳ್ಳುತ್ತಿದ್ದರು. ಮುದುಕ ಕೆಂಪಯ್ಯ ಮಾತ್ರ ನೇರ ಮನುಷ್ಯ.

"ಚೌಡ, ಆ ತಾಯಿ ಕೊನೇ ಆಸೆ ಏನಂತ್ಲಾ? ಈಡಿಯೋದಲ್ಲಿ ನಿನ್ ಉಂಜ ಕೂಗಿ ಕೇಳುಸ್ನಿಲ್ಲ."

ಪ್ರಸನ್ನ ತನ್ನ ಮೊಬೈಲು ತೋರಿಸಿದ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಆ ವಿಡಿಯೋ ಆಗಲೇ ಸುತ್ತಿ ಬಂದಿತ್ತು. ಇಸ್ತ್ರಿ ಅಂಗಿಯಲ್ಲಿ ಚೌಡಯ್ಯ ಸ್ಪಷ್ಟವಾಗಿ ಕಾಣುತ್ತಿದ್ದ. ಮಳವಳ್ಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ದೀಪಿಕ ಅದನ್ನು ಮಧ್ಯಾಹ್ನವೇ ಅವ್ವನಿಗೆ ಕಳಿಸಿದ್ದಳಂತೆ.

ಅವನು ಬುಟ್ಟಿ ಎತ್ತಿಕೊಂಡು ಮೊದಲು ಪಟ್ಟಲಮ್ಮನ ಮನೆಗೆ ಹೋದ. ಅವಳು ಹುಂಜವನ್ನು ಮುಟ್ಟಲೂ ಇಲ್ಲ. ಮಗಳ ಮನೆಗೆಂದು ಹೊಸಿಲು ದಾಟಿಸಿದ್ದನ್ನು ಮತ್ತೆ ಒಳಗೆ ತೆಗೆದುಕೊಳ್ಳುವ ಪದ್ಧತಿ ಅವಳಲ್ಲಿರಲಿಲ್ಲ. ದಿನವೆಲ್ಲ ಹೊತ್ತು ತಿರುಗಿದ್ದೀಯ, ನೀರು ಕುಡಿಸಿದ್ದೀಯ, ನಿನಗೇ ಇರಲಿ, ಹೊಸತೊಡಕಿಗೆ ಗಂಡ ಹೆಂಡತಿ ಉಂಡು ಸುಖವಾಗಿರಿ ಎಂದು ಅವನ ತಲೆ ಸವರಿದಳು. ನಿದ್ದೆ ಹೋದರೂ ಸಾರಾದರೂ ಸಿಕ್ಕಿತಲ್ಲ ಎಂದು ಚೌಡಯ್ಯ ಮನೆಯ ಮೆಟ್ಟಿಲು ಹತ್ತಿದ.

ಬಾಗಿಲಲ್ಲೇ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಪಡಸಾಲೆಯಲ್ಲಿ ಫ್ಯಾನು ಗಿರಗಿರನೆ ತಿರುಗುತ್ತಿತ್ತು. ದೇವಿರಮ್ಮ ಅದರ ಕೆಳಗೆ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಮುಖ ನಿದ್ದೆಯಿಂದ ತುಂಬಿಕೊಂಡು ಹತ್ತು ವರ್ಷ ಚಿಕ್ಕವಳಾದ ಹಾಗಿದ್ದಳು. ಮರಿಗಳು ಬೆಳಿಗ್ಗೆ ಹತ್ತಕ್ಕೇ ಹಾರಿಹೋದವಂತೆ. ಸಂತೋಷಕ್ಕೆ ಅವನಿಗೆ ಎಂಟು ಸಲ ಫೋನು ಮಾಡಿದಳಂತೆ. ಆಮೇಲೆ ಫ್ಯಾನು ಹಾಕಿ ಮಲಗಿದವಳು ಮಗಳ ಫೋನು ಬಂದಾಗಲೇ ಎದ್ದದ್ದಂತೆ. ಇವನು ಮನೆಯಲ್ಲೇ ಇದ್ದಿದ್ದರೆ ಇವನಿಗೂ ಆ ನಿದ್ದೆ ಸಿಗುತ್ತಿತ್ತು, ಇಲ್ಲ, ಫೋನನ್ನು ಆನ್ ಇಟ್ಟಿದ್ದರೂ ಸಾಕಿತ್ತು.

ಚೌಡಯ್ಯ ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತ. ದೇವಿರಮ್ಮ ಕಾಳಿನ ತಟ್ಟೆ ಪಕ್ಕಕ್ಕಿಟ್ಟಳು.

"ಒಂದ್ ಮಾತ್ ಯೋಳಿದ್ರೆ ನಾನೂ ಬತ್ತಿದ್ದೆ," ಎಂದಳು. "ಸಿನ್ಮಾ ನೋಡಿ ಆರ್ ವರ್ಸ ಆಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲಾಗಲಿಲ್ಲ. ಈ ಇಪ್ಪತ್ತೈದು ದಿನದಲ್ಲಿ ಅವನಿಗೆ ನಡುನಡುವೆ ಅಷ್ಟಿಷ್ಟು ಕಣ್ಣು ಹತ್ತಿದ್ದರೆ ಅದು ಇವಳು ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದ್ದರಿಂದ ಎಂಬುದು ಆಗ ನೆನಪಾಯಿತು. ವಡೆಯೂ ಉಳಿದಿರಲಿಲ್ಲ, ಕೊಡಲು ಕೈಯಲ್ಲಿದ್ದದ್ದು ಹುಂಜವೊಂದೇ. ಅದನ್ನೇ ಅವಳ ಮುಂದಿಟ್ಟು, ಬಸ್ಸು, ಬೋರ್ಡು, ಬಿಸಿಲು, ಬಾಟಲಿಯ ಮುಚ್ಚಳ ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ದೇವಿರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮುಚ್ಚಳದಲ್ಲಿ ನೀರು ಕುಡಿಸಿದ ಕಡೆ ಬಂದಾಗ ಮಾತ್ರ ಅವಳ ಕಣ್ಣೊರೆಸುವ ರೀತಿ ಬದಲಾಯಿತು. ಚೌಡಯ್ಯನಿಗೆ ಸಾರಿನ ಆಸೆ ಅಲ್ಲಿಗೇ ಬಿಟ್ಟುಹೋಯಿತು.

"ಕೈಯಾರೆ ನೀರ್ ಕುಡ್ಸಿ ಅದುನ್ನ ಕುಯ್ಯಕ್ಕಾದದಾ?" ಎಂದು ಅವಳು ಹುಂಜದ ಕಾಲಿನ ದಾರ ಬಿಚ್ಚಿದಳು. "ಇರ್ಲಿ ಬುಡಿ. ಗುಬ್ಬಿ ಓದ್ಮೇಲೆ ಮನೆ ಬಣಗುಟ್ತಿತ್ತು."

ಹೊತ್ತು ಮುಳುಗುತ್ತಿತ್ತು. ಬೀದಿಯಲ್ಲಿ ನಾಯಿಗಳಿದ್ದವು, ಹಿತ್ತಿಲಲ್ಲಿ ಬೆಕ್ಕಿತ್ತು, ಹುಂಜ ಒಳಗೇ ಇರಬೇಕೆಂದಾಯಿತು. ಬಿಡುಗಡೆಯಾದ ಹುಂಜ ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಅಕ್ಕಿ ಮೂಟೆ ಹತ್ತಿತು, ಮೂಟೆಯಿಂದ ಬೀರುವಿಗೆ ಹಾರಿತು, ಬೀರುವಿನಿಂದ ತೊಲೆಗೆ ಹಾರಿ, ಫ್ಯಾನು ನೇತುಬಿದ್ದ ಜಾಗಕ್ಕೆ ಒಂದು ಗೇಣು ದೂರದಲ್ಲಿ ಕೂತಿತು. ತನ್ನ ಕೆಳಗೆ ತಿರುಗುತ್ತಿದ್ದ ರೆಕ್ಕೆಗಳನ್ನು ನೋಡಿ ಗಾಬರಿಯಿಂದ ಕತ್ತು ಚಾಚಿತು. ದೇವಿರಮ್ಮ ಎದ್ದು ಫ್ಯಾನು ಆರಿಸಿದಳು. ಕಸದ ಬುಟ್ಟಿಯಿಂದ ಹಳೇ ಪ್ಲಾಸ್ಟರು ತೆಗೆದಳು, ಅದು ಅಂಟಲಿಲ್ಲ, ಹೊಸದೊಂದು ತಂದು ಸ್ವಿಚ್ಚಿನ ಮೇಲೆ ಅಂಟಿಸಿದಳು.

ಚೌಡಯ್ಯ ಚಾಪೆ ಹಾಸಿ ಉರುಳಿಕೊಂಡ. ಅದೇ ಹೊತ್ತಿಗೆ ಕರೆಂಟು ಹೋಯಿತು. ಬೀದಿಯುದ್ದಕ್ಕೂ ಫ್ಯಾನುಗಳು ನಿಂತು, ಮನೆಮನೆಯಿಂದ ಜನ ಉಸ್ಸೆನ್ನುತ್ತ ಆಚೆ ಬಂದದ್ದು ಕೇಳಿಸಿತು. ದೇವಿರಮ್ಮ ಕತ್ತಲಲ್ಲೇ ಬೀಸಣಿಗೆ ಹುಡುಕಿ ತಂದು ಅವನ ತಲೆಯ ಹತ್ತಿರ ಕೂತಳು. ನನಗೆ ಹಗಲೆಲ್ಲ ನಿದ್ದೆಯಾಗಿದೆ, ನೀವು ಮಲಗಿ ಎಂದಳು. ಆಗ ಇಡೀ ಬೀದಿಯಲ್ಲಿ ಗಾಳಿ ಇದ್ದದ್ದು ಅವನೊಬ್ಬನ ತಲೆದೆಸೆಯಲ್ಲಿ. ಎರಡು ಗಂಟೆ ಐವತ್ತು ನಿಮಿಷಕ್ಕೆಂದು ಮಂಡ್ಯದ ತನಕ ಹೋಗಿದ್ದೆನಲ್ಲ ಎಂದುಕೊಂಡ. ಇವಳ ಋಣ ದೊಡ್ಡದು ಎಂದುಕೊಂಡ. ಹಾಗೆಂದುಕೊಳ್ಳುತ್ತಲೇ, ತಿಂಗಳಿನಿಂದ ಮುನಿಸಿಕೊಂಡಿದ್ದ ನಿದ್ದೆ ಕಣ್ಣಿನ ಹತ್ತಿರ ಬಂತು.

ಕರೆಂಟೂ ಬಂತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಪಡಸಾಲೆ ಬೆಳ್ಳಗಾಯಿತು. ತೊಲೆಯ ಮೇಲೆ ಹುಂಜ ಎದೆ ಉಬ್ಬಿಸಿ ಕೂಗಿತು. ಚೌಡಯ್ಯ ಎದ್ದು ಕೂತ. ಪಕ್ಕದ ಮನೆಯಿಂದ ಪಟ್ಟಲಮ್ಮ ನಕ್ಕದ್ದು ಗೋಡೆಯಾಚೆಯಿಂದ ಕೇಳಿಸಿತು.

ಅವನು ಹೆಂಡತಿಯ ಕೈಯಿಂದ ಬೀಸಣಿಗೆ ಇಸಿದುಕೊಂಡು ಅವಳಿಗೆ ಬೀಸತೊಡಗಿದ.

"ಅಬ್ಬ ಮುಗುದ್ ಮಾರ್ನೆ ವಾರ ಮಂಡ್ಯಕ್ಕೆ ಓಗವ ಕಣೆ," ಎಂದ. "ಅದೇ ಸಿನ್ಮಾಕ್ಕೆ. ನಾವಿಬ್ರೇ."

ದೇವಿರಮ್ಮನ ಮುಖ ಅರಳಿತು. ಯಾವ ಸೀರೆ ಉಡಬೇಕೆಂದು ಯೋಚಿಸುತ್ತ ಅವಳು ತೊಲೆಯ ಕಡೆ ಒಮ್ಮೆ ನೋಡಿದಳು.

"ಓಗವ," ಎಂದಳು. "ಆದ್ರೆ ಇದುನ್ನ ಒಂದನ್ನೇ ಮನೇಲಿ ಬುಟ್ಟು ಎಂಗ್ ಓಗದು? ಬುಟ್ಟೀಲಿ ಕರ್ಕಂಡ್ ಓಗವ ಬುಡಿ."